ನೀಲಿಗೊಂದು ವಂಶಾವಳಿ

ಬಟ್ಟೆ ಇದೇ, ಅದರಲ್ಲಿ ಅನುಮಾನವಿಲ್ಲ. ಎಡತೋಳಿನ ಮಡಿಕೆಯೊಳಗೆ ಬಿಚ್ಚಲು ಮರೆತ ಕಚ್ಚಾ ಹೊಲಿಗೆ ಇನ್ನೂ ಹಾಗೇ ಇದೆ, ಅದು ನನ್ನ ಕೈಯದೇ. ಬಟ್ಟೆ ಅದೇ ಆದಮೇಲೆ ಬಣ್ಣವೂ ಅದೇ ಇರಬೇಕಲ್ಲ? ಮತ್ತೆ ಇವಳೇಕೆ ನೀಲಿ ಅಂದಳು? ಕೈಯಲ್ಲಿರುವ ಬಟ್ಟೆಯನ್ನು ನಂಬಲೋ, ಮೊನ್ನೆಯಷ್ಟೇ ಕಣ್ಣಿನ ಆಪರೇಷನ್ ಆದವಳ ಮಾತನ್ನು ನಂಬಲೋ?

ಹನ್ನೆರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ, ಸ್ಟುಡಿಯೋದ ಉಡುಪು ಉಗ್ರಾಣದಲ್ಲಿ, ಹಳೆಯ ಸಮವಸ್ತ್ರವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೀಗೆ ತಮ್ಮೊಳಗೇ ವಾದ ಮಾಡುತ್ತ ನಿಂತಿದ್ದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಉಡುಪು ವಿಭಾಗದ ಮುಖ್ಯಸ್ಥರು. ಅಂದಿನ ತಮ್ಮ ತೊಳಲಾಟವನ್ನು ಅವರೇ ಆಮೇಲೆ ನನಗೆ ಹೇಳಿದ್ದರು. ಹೆಗಲ ಮೇಲೆ ಸದಾ ಒಂದೆರಡು ಎಳೆ ದಾರ ಅಂಟಿಸಿಕೊಂಡು ಓಡಾಡುತ್ತಿದ್ದುದರಿಂದ, ನಲವತ್ತು ತುಂಬುವ ಮೊದಲೇ ಸ್ಟುಡಿಯೋದವರು ಅವರಿಗೆ 'ನೂಲಜ್ಜ' ಎಂದು ಹೆಸರಿಟ್ಟಿದ್ದರು. ಈ ಗೌರವ ಗ್ರಂಥದಲ್ಲಿಯೂ ಅವರನ್ನು ಆ ಹೆಸರಿನಿಂದಲೇ ಕರೆಯಲು ಅವರ ಅನುಮತಿ ಕೇಳಿದೆ. "ಬೇರೆ ಹೆಸರಿಟ್ಟರೆ ನಾನೇ ತಿರುಗಿ ನೋಡಲ್ಲ ಕಣಯ್ಯ" ಎಂದರು.

ನಕ್ಷತ್ರಗಳ ನಡುವೆ ಅಲೆಯುವ ನೌಕಾದಳವೊಂದರ ಕಥೆಯನ್ನು ಹೇಳುವ ನಮ್ಮ ಸ್ಟುಡಿಯೋದ ಮೂರು ಚಿತ್ರಗಳನ್ನು ನೋಡದವರು ಕಡಿಮೆ. ಅವುಗಳ ನೌಕೆಗಳನ್ನು ಕಟ್ಟಿದವರ ಬಗ್ಗೆ, ಸಂಗೀತ ಕೊಟ್ಟವರ ಬಗ್ಗೆ ಬಹಳ ಬರೆದಿದ್ದಾರೆ. ಆದರೆ ಬಾಹ್ಯಾಕಾಶ ಎಂಬ ಸುಳ್ಳನ್ನು ಪ್ರೇಕ್ಷಕರು ನಂಬಿದ್ದು, ಆ ನಾವಿಕರ ಮೊಣಕೈ ಸವೆದಿದ್ದರಿಂದ, ಕಾಲರಿನ ಅಂಚು ಬೆವರಿಗೆ ಮಾಸಿದ್ದರಿಂದ. ಮೊಣಕೈಯನ್ನು ಸವೆಸಿದವರು, ಕಾಲರನ್ನು ಮಾಸಿಸಿದವರು ನೂಲಜ್ಜ. ಹೊಸ ಬಟ್ಟೆಯನ್ನು ಹಳತು ಮಾಡುವುದು ಹೊಲಿಯುವುದಕ್ಕಿಂತ ಕಷ್ಟದ ಕೆಲಸ ಎಂಬುದನ್ನು ಈ ಉದ್ಯಮದಲ್ಲಿ ಅವರಷ್ಟು ಬಲ್ಲವರಿಲ್ಲ.

ನಾನು ಇತಿಹಾಸದ ಪದವಿ ಹಿಡಿದು ಅವರ ಬಳಿ ಬಂದಾಗ ಆ ಮೂರೂ ಚಿತ್ರಗಳು ಮುಗಿದು ವರ್ಷಗಳಾಗಿದ್ದವು. ಸೂಜಿಗೆ ದಾರ ಪೋಣಿಸಲೂ ಬಾರದ ನನ್ನನ್ನು ಅವರು ಏಕೆ ಇಟ್ಟುಕೊಂಡರೋ ತಿಳಿಯದು. ಮಾತು ಕಡಿಮೆ ಆಡುತ್ತೇನೆಂದು ಇರಬಹುದು. ಉಗ್ರಾಣದ ಪೆಟ್ಟಿಗೆಗಳನ್ನು ಬಿಚ್ಚಿ, ಪ್ರತಿ ಉಡುಪಿಗೂ ಚೀಟಿ ಕಟ್ಟಿ, ಯಾವ ದೃಶ್ಯದಲ್ಲಿ ಯಾರು ತೊಟ್ಟಿದ್ದೆಂದು ಹಳೆಯ ಚಿತ್ರೀಕರಣದ ದಾಖಲೆಗಳನ್ನು ನೋಡಿ ಪಟ್ಟಿ ಮಾಡುವ ಕೆಲಸವನ್ನು ನನಗೆ ಕೊಟ್ಟರು. ಆರು ವರ್ಷ ಅದನ್ನೇ ಮಾಡಿದೆ. ನನ್ನ ತಂದೆ ತೀರಿಕೊಂಡ ವರ್ಷ, ನಾನು ತಿಂಗಳುಗಟ್ಟಲೆ ಯಾರೊಡನೆಯೂ ಸರಿಯಾಗಿ ಮಾತನಾಡದೆ ಪೆಟ್ಟಿಗೆಗಳ ನಡುವೆ ಕುಳಿತಿರುತ್ತಿದ್ದಾಗ, ಅವರು ಒಂದು ಸ್ಟೂಲು ಎಳೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಗುಂಡಿ ಹಚ್ಚುತ್ತ ಕೂರುತ್ತಿದ್ದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಆ ದಿನಗಳಲ್ಲಿ ನನಗೆ ಬೇಕಿದ್ದುದು ಅದೇ.

ಆಮೇಲೆ ಪೂರ್ವಕಥೆಯ ಚಿತ್ರಗಳ ಸುದ್ದಿ ಬಂತು. ಮೊದಲಿನ ಚಿತ್ರಗಳಿಗಿಂತ ನಲವತ್ತು ವರ್ಷ ಹಿಂದೆ ನಡೆಯುವ ಕಥೆ. ತೆಗೆಯುವುದು ಮಾತ್ರ ಇಪ್ಪತ್ತು ವರ್ಷ ತಡವಾಗಿ. ಇಲ್ಲಿಯೇ ಇರುವುದು ನಮ್ಮ ವೃತ್ತಿಯ ತೊಡಕು. ಕೈ ಪಳಗಿದೆ, ಯಂತ್ರಗಳು ಬಂದಿವೆ, ಬಟ್ಟೆ ಸೊಗಸಾಗಿದೆ. ಆದರೆ ಅಜ್ಜನ ಅಂಗಿ ಮೊಮ್ಮಗನ ಅಂಗಿಗಿಂತ ಆಧುನಿಕವಾಗಿ ಕಾಣಬಾರದು. ನಿರ್ಮಾಪಕರಿಗೆ ಹೊರಗಿನವರಿಂದ ಎಲ್ಲವನ್ನೂ ಹೊಸದಾಗಿ ಮಾಡಿಸುವ ಆಸೆ. ನೂಲಜ್ಜ ಒಪ್ಪಲಿಲ್ಲ. "ಹಳೇ ಚಿತ್ರ ನಂಬಿದ ಜನಕ್ಕೆ ನಾವು ಮೋಸ ಮಾಡಬಾರದು ಸ್ವಾಮಿ. ಈ ಬಟ್ಟೆಯಿಂದಲೇ ಆ ಬಟ್ಟೆ ಹುಟ್ಟಿತು ಅಂತ ಕಾಣಬೇಕು" ಎಂದು ಪಟ್ಟು ಹಿಡಿದು ಕೆಲಸವನ್ನು ನಮ್ಮ ವಿಭಾಗಕ್ಕೇ ಉಳಿಸಿಕೊಂಡರು.

ಬಟ್ಟೆಗೆ ಬಣ್ಣ ಹಾಕಿಸುವ ವಾರ ಅವರ ಪತ್ನಿಗೆ ಕಣ್ಣಿನ ಪೊರೆಯ ಆಪರೇಷನ್. ಐದು ದಿನ ಅವರು ಬರಲಿಲ್ಲ. ಬಣ್ಣಗಾರರು ಮಾದರಿ ಕೇಳಿದರು. ನಾನು ನನ್ನ ಪಟ್ಟಿ ತೆರೆದೆ, ಮೊದಲ ಚಿತ್ರದ ಕಪ್ತಾನನ ಸಮವಸ್ತ್ರವನ್ನು ಪೆಟ್ಟಿಗೆಯಿಂದ ತೆಗೆದೆ, ಬೆಳಕು ಬಿದ್ದು ಬಣ್ಣ ಮಾಸಿರದ ಒಳಹೊಲಿಗೆಯಿಂದ ಒಂದು ಚೂರು ಕತ್ತರಿಸಿ ಕೊಟ್ಟೆ. ಅವರು ಹಾಕಿ ತಂದ ಬಣ್ಣ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಒಪ್ಪಿಗೆಯ ಕಾಗದಕ್ಕೆ ವಿಭಾಗದ ಪರವಾಗಿ ಸಹಿ ಹಾಕಿದೆ. ನಾನೂರು ಮೀಟರ್ ಬಟ್ಟೆ ಪಾಚಿಯ ಹಸಿರು ಬಣ್ಣದಲ್ಲಿ ಬಂದಿಳಿಯಿತು. ಅಷ್ಟು ನಿಖರವಾದ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ನೂಲಜ್ಜ ಅದರ ತುಂಡೊಂದನ್ನು ಮನೆಗೆ ಒಯ್ದು ಪತ್ನಿಗೆ ತೋರಿಸಿದರು. "ಇದೇನ್ರೀ ಇದು? ನಿಮ್ಮ ನಾವಿಕರದ್ದು ನೀಲಿ ಅಲ್ವಾ?" ಎಂದರು ನಾವೆಲ್ಲ ಅಮ್ಮ ಎಂದು ಕರೆಯುವ ಅವರ ಪತ್ನಿ.

"ನಿನಗೆ ಇನ್ನೂ ಸರಿಯಾಗಿ ಕಾಣ್ತಿಲ್ಲ ಬಿಡು."

"ಸಿನಿಮಾ ನೋಡುವಾಗ ಕಣ್ಣು ಚೆನ್ನಾಗೇ ಇತ್ತಲ್ಲ!"

ಆ ಬೆಳಗ್ಗೆ ಅವರು ಉಗ್ರಾಣದಲ್ಲಿ ನಿಂತಿದ್ದು ಈ ಮಾತಿನ ಮೇಲೆ. ಕೊನೆಗೆ ನನ್ನನ್ನೂ ಕರೆದುಕೊಂಡು ಪ್ರದರ್ಶನ ಕೋಣೆಗೆ ಹೋಗಿ ಹಳೆಯ ಚಿತ್ರ ಹಾಕಿಸಿದರು. ಪರದೆಯ ಮೇಲೆ ಕಪ್ತಾನ ನಡೆದು ಬಂದ. ತೊಟ್ಟಿದ್ದು ಬೂದು ಮಿಶ್ರಿತ ನೀಲಿ.

ಆ ಕಾಲದ ದೀಪಗಳಿಗೂ ರೀಲಿಗೂ ಹಸಿರು ಹಾಗೆ ಕಾಣುತ್ತಿತ್ತು; ಈಗಿನ ಕ್ಯಾಮೆರಾಕ್ಕೆ ಹಸಿರು ಹಸಿರೇ. ಅದಕ್ಕೆಂದೇ ಅಂದಿನ ಛಾಯಾಗ್ರಾಹಕರು ಹಸಿರನ್ನು ಕೇಳಿ ಪಡೆದಿದ್ದರು. "ಅವರು ಕೇಳಿದ್ದನ್ನ ಕೊಟ್ಟೆ. ಸಿನಿಮಾ ನೋಡುವಾಗ ಹೊಲಿಗೆ ನೋಡಿದೆ, ಬಣ್ಣ ನೋಡಲಿಲ್ಲ" ಎಂದು ನೂಲಜ್ಜ ಹಣೆ ಚಚ್ಚಿಕೊಂಡರು. ನಾನು ಉಡುಪಿಗೆ ಉಡುಪನ್ನು ಹೊಂದಿಸಿದ್ದೆ. ಜನ ಕಂಡಿದ್ದ ಉಡುಪು ಉಗ್ರಾಣದಲ್ಲಿ ಯಾವತ್ತೂ ಇರಲಿಲ್ಲ.

ಚಿತ್ರೀಕರಣಕ್ಕೆ ಒಂಬತ್ತು ದಿನ ಉಳಿದಿತ್ತು. ನಿರ್ಮಾಪಕರು ನಮ್ಮಿಬ್ಬರನ್ನೂ ಕರೆಸಿದರು. ಹೊಸ ನಿರ್ದೇಶಕಿಯೂ ಇದ್ದರು.

"ಇಷ್ಟು ವರ್ಷ ಇದರಲ್ಲೇ ಇದ್ದೀರಿ, ನಿಮ್ಮ ಬಣ್ಣ ನಿಮಗೇ ಗೊತ್ತಾಗಲ್ವಾ? ಇದನ್ನ ಒಪ್ಪಿದ್ದು ಯಾರು?" ಎಂದರು ನಿರ್ಮಾಪಕರು.

"ವಿಭಾಗ ನನ್ನದು ಸ್ವಾಮಿ, ತಪ್ಪೂ ನನ್ನದೇ" ಎಂದರು ನೂಲಜ್ಜ. "ಒಂಬತ್ತು ದಿನ ಕೊಡಿ."

"ಆಗದೇ ಇದ್ರೆ ಹಳೇ ಬಟ್ಟೆ ಮಾತು ಮತ್ತೆ ಎತ್ತಬಾರದು. ಹೊರಗಿನವರು ಬರ್ತಾರೆ, ನೀವು ಮನೆಗೆ ಹೋಗ್ತೀರಿ."

"ಆಗಲಿ."

ಹಸಿರಿನ ಮೇಲೆ ಆ ಮಾಸಲು ನೀಲಿಯನ್ನು ತರುವುದು ಸಾಧ್ಯವಿರಲಿಲ್ಲ. ತಿಳಿಬಣ್ಣದ ಅಡಿಯಿಂದ ಹಸಿರು ಇಣುಕುತ್ತಿತ್ತು. ಎರಡು ದಿನ ಅದರಲ್ಲೇ ಕಳೆಯಿತು. ಮೂರನೆಯ ದಿನ, ಬಣ್ಣದ ಹಂಡೆಯ ಬಳಿ ಕುಳಿತಿದ್ದ ನೂಲಜ್ಜ ಇದ್ದಕ್ಕಿದ್ದಂತೆ ನಗತೊಡಗಿದರು. "ನಲವತ್ತು ವರ್ಷ ಹಿಂದಿನ ಕಥೆ ಅಲ್ವೇನಯ್ಯ? ಆಗ ಇನ್ನೂ ಬಣ್ಣ ಮಾಸಿರಲಿಲ್ಲ! ನೌಕಾದಳ ಆಗ ಮೆರೀತಿತ್ತು. ಕಡುನೀಲಿ ಹಾಕಿ, ಹಸಿರೆಲ್ಲ ಮುಳುಗಿಹೋಗಲಿ!" ಹೊಲಿಗೆ ಹಳೆಯ ಕಾಲದ್ದು, ಬಣ್ಣ ಯೌವನದ್ದು. ಜನ ಕಂಡಿದ್ದ ಮಾಸಲು ನೀಲಿಗೆ ಅವರು ಹೀಗೆ ತಾತ ಮುತ್ತಾತಂದಿರನ್ನು ಹುಡುಕಿಕೊಟ್ಟರು. ನಿರ್ದೇಶಕಿ ಮೊದಲ ತುಂಡನ್ನು ಕ್ಯಾಮೆರಾದ ಮುಂದೆ ಹಿಡಿದು ನೋಡಿ, "ಅಜ್ಜಾ, ನನ್ನ ಕಥೆ ನನಗೇ ಈಗ ಅರ್ಥವಾಯ್ತು" ಎಂದರು. ಒಂಬತ್ತನೆಯ ದಿನ ಮಧ್ಯಾಹ್ನ ಕೊನೆಯ ಗುಂಡಿ ಹಚ್ಚಿ ಮುಗಿಸಿದೆವು. ನಮ್ಮೆಲ್ಲರ ಕೈಗಳೂ ಮೊಣಕೈವರೆಗೆ ನೀಲಿಯಾಗಿದ್ದವು.

ಮೊದಲ ಪ್ರದರ್ಶನದ ದಿನ, ಹಳೆಯ ಚಿತ್ರಗಳ ಅಭಿಮಾನಿಗಳು ತಾವೇ ಹೊಲಿದುಕೊಂಡ ಮಾಸಲು ನೀಲಿ ಸಮವಸ್ತ್ರ ತೊಟ್ಟು ಎರಡು ಸಾಲು ತುಂಬಿದ್ದರು. ಪರದೆಯ ಮೇಲೆ ನೂರಾ ಮೂವತ್ತು ನಾವಿಕರು ಕಡುನೀಲಿಯಲ್ಲಿ ಒಟ್ಟಿಗೆ ಎದ್ದು ನಿಂತಾಗ ಆ ಎರಡು ಸಾಲುಗಳೂ ಎದ್ದು ನಿಂತವು. ಮರುಕ್ಷಣ ಇಡೀ ಚಿತ್ರಮಂದಿರ ನಿಂತಿತ್ತು. ಚಪ್ಪಾಳೆಯಲ್ಲಿ ಮುಂದಿನ ಸಂಭಾಷಣೆ ಯಾರಿಗೂ ಕೇಳಿಸಲಿಲ್ಲ. ಆ ಸಾಲಿನಲ್ಲಿದ್ದ ನಿವೃತ್ತ ಅಂಚೆ ನೌಕರರೊಬ್ಬರು ಹೊರಗೆ ನೂಲಜ್ಜನ ಕೈ ಹಿಡಿದುಕೊಂಡು, "ನಮ್ಮ ಬಟ್ಟೆ ಎಂಥಾ ಮನೆತನದ್ದು ಅಂತ ಇವತ್ತು ಗೊತ್ತಾಯ್ತು ನೋಡಿ!" ಎಂದರು. ನಿರ್ಮಾಪಕರು ಎಲ್ಲರ ಎದುರೇ ನೂಲಜ್ಜನ ಕಾಲು ಮುಟ್ಟಿದರು. ಮುಂದಿನ ಎರಡು ಚಿತ್ರಗಳಲ್ಲಿ ನೀಲಿ ಸ್ವಲ್ಪಸ್ವಲ್ಪವೇ ಮಾಸುತ್ತ ಬಂದು ಹಳೆಯ ಮೊದಲ ಚಿತ್ರವನ್ನು ಸೇರಿದ್ದನ್ನು ಇಂದು ಈ ವಿದ್ಯೆ ಕಲಿಯುವವರಿಗೆ ಪಾಠವಾಗಿ ಹೇಳುತ್ತಾರೆ.

ನೂಲಜ್ಜ ನೂರು ವರ್ಷ ಇರಲಿ. ಅಮ್ಮನ ಕಣ್ಣು ಅವರ ಪಾಲಿಗೂ ಚೆನ್ನಾಗಿರಲಿ. ಮನೆಯ ಜಗಲಿಗೆ ಹೊಲಿಗೆ ಯಂತ್ರ ಆಗಲೇ ಬಂದಿದೆಯಂತೆ, ಅದು ಸುಮ್ಮನೆ ಕೂರದಿರಲಿ.

ಗೆಲುವಿನ ಮುಂಚಿನ ಆ ಒಂಬತ್ತು ದಿನ, ಮತ್ತು ಚಿತ್ರ ತೆರೆ ಕಾಣುವವರೆಗಿನ ತಿಂಗಳುಗಳು, ಸ್ಟುಡಿಯೋದ ಕ್ಯಾಂಟೀನಿನಲ್ಲಿ ಒಂದು ತಮಾಷೆ ಓಡಾಡುತ್ತಿತ್ತು: "ಆಪರೇಷನ್ ಹೆಂಡತಿಗಲ್ಲ, ಅಜ್ಜನಿಗೆ ಮಾಡಿಸಬೇಕಿತ್ತು." ಅವರು ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅದೇ ಮೇಜಿನಲ್ಲಿ ನಾನೂ ನಕ್ಕಿದ್ದೇನೆ. ಹಸಿರಿಗೆ ಸಹಿ ಹಾಕಿದವನು ನಾನು ಎಂದು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ.