ಉಂಗುಷ್ಠವಿಲ್ಲದ ಚಪ್ಪಲಿ

ಮೇಲಿನ ಮನೆಯ ಕಾಕಾರ ಬಲಗಾಲಿನ ಚಪ್ಪಲಿಗೆ ಬೆರಳು ತೂರಿಸುವ ಉಂಗುಷ್ಠವೇ ಇರಲಿಲ್ಲ. ಯೂರಿಕ್ ಆ್ಯಸಿಡ್ ಏರಿ ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡಾಗಲೆಲ್ಲ ಚುಚ್ಚುತ್ತದೆಂದು ಮಕರಪುರದಲ್ಲಿ ಚಪ್ಪಲಿ ಹೊಲಿಯುವವನಿಂದ ಅದನ್ನು ಕತ್ತರಿಸಿ ತೆಗೆಸಿದ್ದರು. ಫ್ಯಾನಿನ ಗಾಳಿ ತಾಕಿದರೂ ಆ ಬೆರಳು ಉರಿಯುತ್ತಿತ್ತು.

ಧಾರವಾಡದವರು. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ವಡೋದರಕ್ಕೆ ಬಂದು, ನಿವೃತ್ತರಾದ ಮೇಲೂ ಮಂಜಲ್‌ಪುರದಲ್ಲೇ ಉಳಿದಿದ್ದರು. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಗುಜರಾತಿ ಬಾರದ ನನ್ನನ್ನು ಕರೆದುಕೊಂಡು ಹೋಗಿ ತರಕಾರಿ ಕೊಳ್ಳುವುದು ಕಲಿಸಿದವರು ಅವರೇ.

ಪಥ್ಯದ ವಿಷಯದಲ್ಲಿ ಮಾತ್ರ ಅವರದು ಬೇರೆಯೇ ಶಾಸ್ತ್ರ. ಡಾಕ್ಟರು, ಸಿಹಿ ಪಾನೀಯ ಬಿಡಿ, ದಿನದ ಗುಳಿಗೆ ಬಿಡಬೇಡಿ ಎಂದಿದ್ದರು. ಇವರು ತೊಗರಿಬೇಳೆ ಬಿಟ್ಟರು. ಬೆರಳು ಉರಿಯುವುದು ಉಷ್ಣದಿಂದ ಎಂದು ದಿನಕ್ಕೆರಡು ಗ್ಲಾಸು ಕಬ್ಬಿನ ಹಾಲು ಕುಡಿದರು. ಊತ ಇಳಿದ ಕೂಡಲೇ ಗುಳಿಗೆಯನ್ನೂ ಬಿಟ್ಟರು. "ನೋವು ಇಲ್ಲಂದ ಮ್ಯಾಲ ಗುಳಿಗಿ ಯಾಕ ನುಂಗಬೇಕು, ತಂಗಿ?" ಎನ್ನುತ್ತಿದ್ದರು. ಬೇಳೆಯಿಲ್ಲದ ಸಾರು ಮಾಡಿ ಮಾಡಿ ಅವರ ಹೆಂಡತಿ ಕಾಕೂ ಬೇಸತ್ತಿದ್ದರು.

ನೋವು ಮತ್ತೆ ಮತ್ತೆ ಬಂತು. ಬಂದಾಗಲೆಲ್ಲ ನೋವಿನ ಮಾತ್ರೆ ನುಂಗಿದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ನೋವಿನ ಮಾತ್ರೆ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಕಾಕೂ ಮನೆಯಲ್ಲಿದ್ದ ಸ್ಟ್ರಿಪ್‌ಗಳನ್ನೆಲ್ಲ ಕಸಕ್ಕೆ ಹಾಕಿದರು. ಆಮೇಲೆ ಕಾಕಾ ನನಗೆ ಫೋನು ಮಾಡಿದರು. "ಒಂದಽ ಸ್ಟ್ರಿಪ್ ತಂದುಕೊಡು. ಕಾಕೂಗ ಹೇಳಬ್ಯಾಡ." ಆ ನರಳಾಟ ಕೇಳಲಾಗದೆ ತಂದುಕೊಟ್ಟೆ. ಒಂದಲ್ಲ, ವರ್ಷವಿಡೀ ತಂದುಕೊಟ್ಟೆ. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಕಡೆಗೆ ಮೈಯೆಲ್ಲ ಬಾತು ಆಸ್ಪತ್ರೆ ಸೇರಿದರು. ನೋವಿನ ಮಾತ್ರೆ ತಂದುಕೊಟ್ಟವರು ಯಾರೆಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಮಂಚದ ಆ ಬದಿಗೆ ಕಾಕೂ, ಈ ಬದಿಗೆ ನಾನು. ಕಾಕಾ ನನ್ನ ಕಡೆ ನೋಡಲೇ ಇಲ್ಲ. "ಮೈಂ ಖುದ್ ಲಾಯಾ," ತಾನೇ ತಂದದ್ದು ಎಂದರು. ನಾಲ್ಕು ದಿನಕ್ಕೆ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಕಾಕೂ ಈಗ ಬೇಳೆ ಹಾಕಿಯೇ ಸಾರು ಮಾಡುತ್ತಾರೆ. ಒಬ್ಬರಿಗೇ ಊಟ ಸೇರುವುದಿಲ್ಲವೆಂದು ಭಾನುವಾರ ನನ್ನನ್ನು ಕರೆಯುತ್ತಾರೆ. ಬಾಗಿಲ ಬಳಿ ಆ ಚಪ್ಪಲಿ ಹಾಗೇ ಇದೆ.

"ಅಂಥಾ ಕಾಲು ತಗೊಂಡು ಅಷ್ಟು ಮೆಟ್ಲ ಇಳದು ಔಷಧದ ಅಂಗಡಿಗೆ ಅವರು ಹ್ಯಾಂಗ ಹೋಗಿರಬೇಕು, ತಂಗಿ?" ಎಂದು ಪ್ರತಿಸಲ ಕೇಳುತ್ತಾರೆ.

ನಾನು ಸಾರು ಹಾಕಿಸಿಕೊಂಡು ಅನ್ನ ಕಲಸುತ್ತೇನೆ.