ಎರಡು ಕಮಾನಿನ ಜಾನಮಾಜ್

ಕತ್ತರಿ ಇಡುವಷ್ಟರಲ್ಲಿ ಆಕೆ ನನ್ನ ಕೈ ಹಿಡಿದುಕೊಂಡರು.

ಚಾಮರಾಜಪೇಟೆಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ. ಬುರ್ಖಾ ತೊಟ್ಟಿದ್ದ ಆ ವಯಸ್ಸಾದ ಹೆಂಗಸು ತಂದಿದ್ದದ್ದು ಹಸಿರು ವೆಲ್ವೆಟ್ಟಿನ ಜಾನಮಾಜ್, ನಮಾಜು ಮಾಡುವಾಗ ಹಾಸಿಕೊಳ್ಳುವ ಹಾಸು. ಇಬ್ಬರು ಅಕ್ಕಪಕ್ಕ ನಿಲ್ಲುವಷ್ಟು ಅಗಲ. ಒಬ್ಬೊಬ್ಬರಿಗೆ ಒಂದೊಂದು ಕಮಾನಿನ ಚಿತ್ತಾರ. ಅದನ್ನು ಒಬ್ಬರ ಅಳತೆಗೆ ಮಾಡಿಕೊಡಿ ಎಂದಿದ್ದರು. ಎರಡು ಕಮಾನುಗಳ ನಡುವೆ ನೇರ ಗೆರೆಯೇ ಇತ್ತು. ಅಲ್ಲೇ ಕತ್ತರಿಸಿದರಾಯಿತು, ಇನ್ನೇನು ಕೇಳುವುದು ಅಂದುಕೊಂಡೆ.

“ಕತ್ತರಿಸ್ಬೇಡಿ ಅಮ್ಮ. ಆ ಕಡೆ ನಮ್ಮಕ್ಕ ನಿಲ್ತಿದ್ರು. ಈಗಿಲ್ಲ. ಅವರ ಕಡೇದನ್ನ ಹಿಂದಕ್ಕೆ ಮಡಚಿ ಹೊಲೀರಿ. ನನ್ನ ಮಂಡಿಗೂ ಮೆತ್ತಗಿರತ್ತೆ.”

ಎರಡು ಪದರವಾದಾಗ ಮಿಷನ್ನಿನ ಸೂಜಿ ಮುರಿಯಿತು. ಕೈಯಲ್ಲೇ ಹೊಲಿದೆ; ಆಕೆ ಸ್ಟೂಲಿನ ಮೇಲೆ ಕೂತು ಕಾದರು. ಮುಗಿದ ಮೇಲೆ ತಿರುವಿ ನೋಡಿ, ಅಕ್ಕನ ಹಣೆ ತಾಗಿ ತಾಗಿ ಸವೆದಿದ್ದ ಜಾಗವನ್ನು ಬೆರಳಲ್ಲಿ ಸವರಿದರು. “ಕೆಲವು ದಿನ ಈ ಕಡೆ ಮೇಲೆ ಮಾಡಿ ಹಾಸ್ಕೋತೀನಿ,” ಅಂದರು.

ನನ್ನ ಯಜಮಾನರು ತೀರಿಕೊಂಡ ಮೇಲೆ ಮಂಚದಲ್ಲಿ ಅವರು ಮಲಗುತ್ತಿದ್ದ ಕಡೆ ನಾನು ಒಗೆದ ಬಟ್ಟೆ ಪೇರಿಸುತ್ತಿದ್ದೆ. ಆ ಮಧ್ಯಾಹ್ನ ಮನೆಗೆ ಹೋಗಿ ಅವನ್ನೆಲ್ಲ ಬೀರುವಿಗೆ ಹಾಕಿ ಅಲ್ಲಿ ಮಲಗಿದೆ. ನನ್ನ ಕಡೆಯಿಂದ ಕಾಣುವುದು ಬರೀ ಗೋಡೆ. ಅವರ ಕಡೆಯಿಂದ ಕಿಟಕಿಯಾಚೆ ಪಕ್ಕದ ಮನೆಯ ನುಗ್ಗೆ ಮರ ಕಾಣುತ್ತದೆ. ಇಷ್ಟು ವರ್ಷ ಅವರು ಕಣ್ಣು ಬಿಟ್ಟ ಕೂಡಲೇ ನೋಡುತ್ತಿದ್ದದ್ದು ಅದನ್ನು.