ಭಾವನ ಆಟದಲ್ಲಿ ಮನಸ್ಸಿನ ಯುದ್ಧ

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಮನೆಯಲ್ಲಿ ಮಾತು ಕಡಿಮೆ. ಅಕ್ಕ ಹತ್ತು ಮಾತಾಡಿದರೆ ಅವರದು ಒಂದು "ಹೂಂ". ಆದರೆ ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ದಾಳ ಹರಡಿದರೆ ಸಾಕು, ಅದೇ ಬಾಯಲ್ಲಿ ರಾಜ, ಕಳ್ಳ, ಮುದುಕಿ, ಪಿಶಾಚಿ ಎಲ್ಲರೂ ಮಾತಾಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಅದು. ನಡೆಸುವವರು ಭಾವ. ಆಡುವವರು ಅಕ್ಕ, ನಾನು, ಕೆಳಗಿನ ಮನೆಯ ಹಲ್ಲಿನ ಡಾಕ್ಟರು.

ಕತ್ತಿ ಜಗಳವನ್ನು ದಾಳ ತೀರ್ಮಾನಿಸುತ್ತದೆ, ತಕರಾರಿಲ್ಲ. ಪಿಶಾಚಿ ಬಂದು ಮನಸ್ಸಿಗೇ ಕೈ ಹಾಕಿದರೆ ಏನು ಮಾಡಬೇಕು ಎಂಬುದಕ್ಕೆ ಆಟದ ಪುಸ್ತಕದಲ್ಲಿ ಪುಟಗಟ್ಟಲೆ ಕೋಷ್ಟಕವಿತ್ತು. ಭಾವ ಓದಿ, "ಇದೇನು ಮನಸ್ಸಾ, ಕರೆಂಟ್ ಬಿಲ್ಲಾ?" ಎಂದು ಪಕ್ಕಕ್ಕಿಟ್ಟು ತಮ್ಮದೇ ನಿಯಮ ಮಾಡಿದರು. ಪ್ರತಿಯೊಬ್ಬರ ಮನೋಬಲಕ್ಕೆ ಐದು ನಟ್ಟು, ಅವರ ಕೆಲಸದ ಚೀಲದಿಂದ ಬಂದ ಹಳೇ ಕಬ್ಬಿಣದ ನಟ್ಟು. ಹೊಡೆಯುವವರು ಎದುರಾಳಿಯ ಭಯ ಏನೆಂದು ಬಾಯಿಬಿಟ್ಟು ಹೇಳಬೇಕು. ನಿಜವಾದರೆ ಎದುರಾಳಿ "ತಾಕಿತು" ಎಂದು ಎರಡು ನಟ್ಟು ಕೊಡಬೇಕು. ತಪ್ಪಾದರೆ ಹೇಳಿದವರದೇ ಒಂದು ಹೋಯಿತು. ಪಾತ್ರ ತೊಟ್ಟ ಕವಚಕ್ಕೆ ಇಲ್ಲಿ ಬೆಲೆಯಿಲ್ಲ. ಪಕ್ಕದವರು ಬೇಕಾದರೆ ತಮ್ಮ ನಟ್ಟು ಕೊಟ್ಟು ಉಳಿಸಬಹುದು. ನಟ್ಟು ಖಾಲಿಯಾದವರು ಸೋತಂತೆ, ಗೆದ್ದವರ ಒಂದು ಆಜ್ಞೆ ಪಾಲಿಸಬೇಕು.

"ತಾಕಿದ್ರೂ ತಾಕಿಲ್ಲ ಅಂತ ಸುಳ್ಳು ಹೇಳಿದ್ರೆ?" ಎಂದು ನಾನು ಕೇಳಿದ್ದೆ.

"ಹೇಳ್ಲಿ. ಆಟ ಕೆಡುತ್ತೆ, ಅಷ್ಟೇ" ಎಂದರು ಭಾವ.

ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ಒಮ್ಮೆ ಡಾಕ್ಟರು ಆಡುತ್ತಿದ್ದ ಸೇನಾಪತಿಯ ಪಾತ್ರಕ್ಕೆ ನಾನು, "ನಿನ್ನ ಬಾಗಿಲಿಗೆ ಯಾರೂ ಬರಲ್ಲ ಅಂತ ನಿನಗೆ ಭಯ" ಎಂದೆ. "ತಾಕಲಿಲ್ಲ" ಎಂದವರು ಎದ್ದು ಹೋಗಿ ಕಿಟಕಿಯಿಂದ ತಮ್ಮ ಕ್ಲಿನಿಕ್ಕಿನ ಬಾಗಿಲು ನೋಡಿ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಆಯ್ತಮ್ಮ, ತಾಕಿತು" ಎಂದು ನಟ್ಟು ತಳ್ಳಿದರು. ಪಾತ್ರ ಯಾವುದಾದರೇನು, ಅದಕ್ಕೆ ಬೇಕಾದ ಭಯವನ್ನು ನಮ್ಮ ಮನೆಯಿಂದಲೇ ತರಬೇಕು.

ಕಳೆದ ವರ್ಷ ಭಾವ ಲಿಫ್ಟಿನ ಮೇಲೆ ನಿಂತು ಕೆಲಸ ಮಾಡುವಾಗ ಅದು ಜಾರಿ ಎರಡು ಮಹಡಿ ಇಳಿದು ನಿಂತಿತು. ಮುರಿದ ಕಾಲು ಕೂಡಿಕೊಂಡಿತು. ಕಂಪನಿಯವರು ಅವರನ್ನು ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಮಾತೇ ಆಡದ ಮನುಷ್ಯನಿಗೆ ಆ ಕೆಲಸ! ಇಲ್ಲೇ ಖಾಯಂ ಇರುತ್ತೀರೋ, ಮತ್ತೆ ಲಿಫ್ಟಿಗೆ ಹೋಗುತ್ತೀರೋ ಎಂದು ಈಗ ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು. ಅಕ್ಕ ಮನೆಗೆ ಬಂದವರಿಗೆಲ್ಲ, "ಪಾಪ, ಅವರಿಗಿನ್ನೂ ಭಯ ಹೋಗಿಲ್ಲ. ಆಫೀಸೇ ಸರಿ" ಎನ್ನುತ್ತಿದ್ದಳು. ಭಾವ "ಹೂಂ" ಎನ್ನುತ್ತಿದ್ದರು. ನಮ್ಮ ಕಟ್ಟಡದ ಲಿಫ್ಟಿನ ಸದ್ದು ಸ್ವಲ್ಪ ಬದಲಾದರೂ ಅವರು ತುತ್ತು ಬಿಟ್ಟು ಕಿವಿ ಕೊಡುವುದನ್ನು ನೋಡಿದ್ದೆ. ಅದೂ ಭಯವೇ ಎಂದುಕೊಂಡಿದ್ದೆ.

ಉತ್ತರ ಕೊಡುವ ಹಿಂದಿನ ದಿನವೂ ಆಟಕ್ಕೆ ಕೂತೆವು. ಗೋಪುರ ಕಾಯುವ ಪಿಶಾಚಿಯಾಗಿ ಭಾವ, ಎದುರಿಗೆ ಅಕ್ಕನ ಪಾತ್ರ.

"ನಿನಗೆ ಕತ್ತಲೆ ಅಂದ್ರೆ ಭಯ" ಎಂದಳು ಅಕ್ಕ.

"ತಾಕಲಿಲ್ಲ. ನಿನಗೆ ಜಿರಳೆ ಅಂದ್ರೆ ಭಯ."

ತಾಕಿತು. ನಾನು, ಡಾಕ್ಟರು ನಕ್ಕೆವು. ಅಕ್ಕ ನಗಲಿಲ್ಲ. "ಬೀಳೋದು ಅಂದ್ರೆ ಭಯ" ಎಂದಳು.

"ತಾಕಲಿಲ್ಲ."

"ಸುಳ್ಳು. ರಾತ್ರಿ ಎಷ್ಟು ಸಲ ಎದ್ದು ಕೂರ್ತೀರಿ, ನಾನು ನೋಡಿಲ್ವಾ?"

"ನೀನು ಎದ್ದು ಕೂತಿರ್ತೀಯಲ್ಲ, ಅದಕ್ಕೇ ಏಳ್ತೀನಿ" ಎಂದರು ಭಾವ.

ಅಕ್ಕನ ಮುಂದೆ ಒಂದೇ ನಟ್ಟು ಉಳಿದಿತ್ತು. ಸರದಿ ಪಿಶಾಚಿಯದು. ಭಾವ ದಾಳವನ್ನು ಸರಿಸಿ, "ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸೋಣ" ಎಂದರು.

"ಹೇಳಿ."

"ಹೋದವನು ಬರೋ ತನಕ ಬಾಗಿಲು ನೋಡ್ತಾ ಕೂರಬೇಕಲ್ಲ, ಅದು ನಿನಗೆ ಭಯ."

ಡಾಕ್ಟರು ತಲೆ ತಗ್ಗಿಸಿದರು. ನಾನು ನನ್ನ ನಟ್ಟನ್ನು ಅಕ್ಕನ ಕಡೆ ತಳ್ಳಿದೆ. ಅವಳು ವಾಪಸ್ಸು ತಳ್ಳಿದಳು.

"ತಾಕಿತು" ಎಂದಳು. ಆಮೇಲೆ, "ಭಯ ನಂದು. ನಿಮ್ಮದು ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದೆ. ನೀವ್ಯಾಕ್ರೀ ಸುಮ್ಮನಿದ್ರಿ?"

"ನನ್ನ ಹೆಸರಲ್ಲಾದ್ರೂ ಹೇಳ್ಕೊಳ್ತಿದ್ದೆಯಲ್ಲ. ಅದೂ ಇಲ್ಲದಿದ್ರೆ ಒಳಗೇ ಇಟ್ಕೊಂಡು ಏನಾಗ್ತಿದ್ದೆಯೋ."

ನನಗೆ ಭಾವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ನಿಯಮ ಅಂದರೆ ಪ್ರಾಣ ಬಿಡುವ ಡಾಕ್ಟರು ಮಾತ್ರ ಮೆಲ್ಲಗೆ, "ಸೋತವರಿಗೆ ಗೆದ್ದವರು ಒಂದು ಆಜ್ಞೆ ಮಾಡಬಹುದು" ಎಂದು ನೆನಪಿಸಿದರು.

"ಆಜ್ಞೆ ಬೇಡ" ಎಂದು ಭಾವ ಅಕ್ಕನ ಕಡೆ ತಿರುಗಿದರು. "ನೀನೇ ಹೇಳು. ನಾಳೆ ಏನನ್ಲಿ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಲಿಫ್ಟಿಗೇ ಹೋಗ್ತೀನಿ ಅನ್ನಿ. ನನ್ನ ಭಯ ಹೋಗಲ್ಲ. ಹೋಗುತ್ತೆ ಅಂತ ಕಾಯ್ತಾ ಕೂರಬೇಡಿ."

ಭಾವ ಮತ್ತೆ ಲಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಅಕ್ಕ ಸಂಜೆಯಾದರೆ ಈಗಲೂ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಯಾಕೆಂದು ಯಾರಾದರೂ ಕೇಳಿದರೆ, "ನನಗೆ ಭಯ, ಅದಕ್ಕೆ" ಎನ್ನುತ್ತಾಳೆ.